ಪರೀಕ್ಷೆಗಾಗಿ ಬಾವಿಯ ನೀರನ್ನು ತೆಗೆಯುವ ಕ್ರಮ



ನಮ್ಮ ದೇಶದಲ್ಲಿ ಮನೆಯ ನೀರಿನ ಹೊರೆಯು ಹಿಂದಿನಿಂದಲೂ ಸ್ತ್ರೀಯರ ತಲೆಯ ಮೇಲೆಯೇ ಇದ್ದು ಬಂದಿರುವದು. ಸೇದುವವಳೂ ಹೊರುವವಳೂ ಸೋಸಿ ಕಾಯಿಸಿ ಮಕ್ಕಳ ಬಟ್ಟಲಿಗೆ ಎರೆಯುವವಳೂ ಅವಳೇ. ಈಗ ಅನೇಕ ಮನೆಗಳ ಅಂಗಳಕ್ಕೆ ಕೊಳಾಯಿ ಬಂದು ಹೊರುವ ಶ್ರಮವು ತಗ್ಗಿರುವದಾದರೂ, ಆ ನೀರು ಕುಡಿಯುವದಕ್ಕೆ ಯೋಗ್ಯವೋ ಅಲ್ಲವೋ ಎಂದು ವಿಚಾರಿಸುವ ಜವಾಬ್ದಾರಿಯು ತಗ್ಗಲಿಲ್ಲ. ನೆಲದ ಕೆಳಗಿನ ನೀರನ್ನು ವರ್ಷದಿಂದ ವರ್ಷಕ್ಕೆ ಹೆಚ್ಚು ಆಳದಿಂದ ಎತ್ತುವ ಈ ಕಾಲದಲ್ಲಿ ಅದು ಹೆಚ್ಚಿರುವದೆಂದೇ ಹೇಳಬೇಕು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಬಂದ ವರದಿಯನ್ನು ತಂದು ತೋರಿಸಿ, ಇದರ ಅರ್ಥವೇನೆಂದು ಕೇಳುವದುಂಟು. ಆಗ ನಾವು ವರದಿಯನ್ನು ಓದುವದಕ್ಕೆ ಮೊದಲೇ ಅವರಿಗೊಂದು ಪ್ರಶ್ನೆ ಹಾಕುತ್ತೇವೆ: ಈ ನೀರನ್ನು ಸೀಸೆಗೆ ತುಂಬಿದವರು ಯಾರು, ಹೇಗೆ ತುಂಬಿದರು? ಅನೇಕರಿಗೆ ಈ ಪ್ರಶ್ನೆಯು ವಿಚಿತ್ರವಾಗಿ ತೋರುವದು. ನೀರು ತುಂಬುವದಕ್ಕೂ ಒಂದು ವಿದ್ಯೆಯೇ ಎಂದು ಅವರು ನಗುವರು. ಆದರೆ ಪರೀಕ್ಷಾಲಯವು ಸೀಸೆಯೊಳಗಿರುವ ನೀರಿಗೆ ಮಾತ್ರ ಉತ್ತರ ಕೊಡಬಲ್ಲದು. ಬಾವಿಯೊಳಗಿರುವ ನೀರಿಗೆ ಉತ್ತರವಾದಿಯಾದವಳು ಸೀಸೆಯನ್ನು ತುಂಬಿದವಳೇ. ಇವೆರಡರ ನಡುವೆ ಭೇದ ಬಿದ್ದರೆ, ಎಷ್ಟೇ ಬೆಲೆಬಾಳುವ ಯಂತ್ರವಿದ್ದರೂ ಅದನ್ನು ಸರಿಪಡಿಸಲಾರದು. ಇದೇ ಈ ಪಾಠದ ಸಾರವು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಕಲಿಸುವ ಈ ಪಾಠವನ್ನು ಮನೆವಾರ್ತೆಯ ಉಪಯೋಗಕ್ಕಾಗಿ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿರುತ್ತೇವೆ.

೧. ಕಣ್ಣೂ ನಾಲಿಗೆಯೂ ಸಾಕ್ಷಿಗಳಲ್ಲ

"ನಮ್ಮ ಬಾವಿಯ ನೀರು ತಿಳಿಯಾಗಿದೆ, ಸಿಹಿಯಾಗಿದೆ, ನಮ್ಮ ಅಜ್ಜಿಯ ಕಾಲದಿಂದ ಕುಡಿಯುತ್ತಾ ಬಂದಿದ್ದೇವೆ" ಎಂಬದು ನಾವು ಎಲ್ಲೆಲ್ಲಿಯೂ ಕೇಳುವ ಮಾತು. ೧೮೫೪ರಲ್ಲಿ ಲಂಡನ್ ಪಟ್ಟಣದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಪಂಪಿನ ವಿಷಯವಾಗಿಯೂ ಜನರು ಹೀಗೆಯೇ ಹೇಳುತ್ತಿದ್ದರು. ಆ ನೀರಿನ ರುಚಿಯು ಎಷ್ಟು ಹೆಸರಾಗಿತ್ತೆಂದರೆ, ಬೇರೆ ಕಡೆಗೆ ಮನೆಮಾಡಿ ಹೋಗಿದ್ದ ಒಬ್ಬ ವಿಧವೆಯು ಅದನ್ನೇ ಸೀಸೆಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದಳು. ಆ ವರ್ಷ ಅಲ್ಲಿ ವಾಂತಿಭೇದಿಯು ಹಬ್ಬಿ ಆರುನೂರಕ್ಕಿಂತ ಹೆಚ್ಚು ಮಂದಿ ಸತ್ತರು. ದೂರದಲ್ಲಿದ್ದ ಆ ವಿಧವೆಯೂ ಅದೇ ರೋಗದಿಂದ ತೀರಿಹೋದಳು. ಡಾಕ್ಟರ್ ಜಾನ್ ಸ್ನೋ ಎಂಬವರು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಕಾರಣವು ಆ ಪಂಪಿನ ನೀರೇ ಎಂದು ತೋರಿಸಿದ ಮೇಲೆ ಪಂಪಿನ ಹಿಡಿಯನ್ನು ಕಳಚಿ ತೆಗೆಯಲಾಯಿತು. ಮುಂದೆ ನೆಲವನ್ನು ಅಗೆದು ನೋಡಿದಾಗ, ಹತ್ತಿರದ ಮನೆಯೊಂದರ ಮಲದ ಗುಂಡಿಯು ಬಾವಿಗೆ ಕೆಲವೇ ಅಡಿಗಳ ಅಂತರದಲ್ಲಿದ್ದು, ಅದರ ಇಟ್ಟಿಗೆಯ ಗೋಡೆಯು ಶಿಥಿಲವಾಗಿದ್ದದ್ದು ಕಂಡುಬಂತು.

ಇದು ದೂರದ ದೇಶದ ಕಥೆಯಲ್ಲವೇ ಎನ್ನಬೇಡಿರಿ. ನಮ್ಮ ಕರಾವಳಿಯ ಮುರಕಲ್ಲಿನ ನೆಲವು ರಂಧ್ರಮಯವಾದದ್ದು. ಮಳೆಗಾಲದಲ್ಲಿ ಮೇಲಿನ ನೀರು ಅದರೊಳಗಿಂದ ಬೇಗನೆ ಇಳಿಯುವದು. ಐದಾರು ಸೆಂಟ್ಸ್ ಜಾಗದಲ್ಲಿ ಮನೆ, ಬಾವಿ, ಪಾಯಖಾನೆಯ ಗುಂಡಿ ಇವು ಮೂರೂ ಇರಬೇಕಾದಾಗ ಬಾವಿಗೂ ಗುಂಡಿಗೂ ಇರತಕ್ಕ ೧೫ ಮೀಟರುಗಳ ಅಂತರವು ಎಲ್ಲಿಂದ ಬರುವದು? ನಮ್ಮ ಮನೆಯಲ್ಲಿ ಸ್ಥಳವಿದ್ದರೂ ನೆರೆಮನೆಯ ಗುಂಡಿಯು ನಮ್ಮ ಗೋಡೆಯ ಆಚೆಗೇ ಇರಬಹುದು.

ಬಯಲುಸೀಮೆಯ ಕೆಡುಕು ಬೇರೆ ತರದ್ದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಮುಂತಾದ ಕಡೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಎಂಬ ಲವಣಾಂಶವು ಮಿತಿಮೀರಿ ಇರುವದು. ಇದನ್ನು ಮನುಷ್ಯರು ಹಾಕಿದ್ದಲ್ಲ. ಆಳದ ಕಲ್ಲಿನೊಡನೆ ನೀರು ಬಹುಕಾಲ ಸೇರಿಕೊಂಡಿದ್ದು ತಾನಾಗಿಯೇ ಕರಗಿಸಿಕೊಂಡದ್ದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಗುವಿನ ಶಾಶ್ವತ ಹಲ್ಲುಗಳು ಒಸಡಿನ ಒಳಗೆ ರೂಪುಗೊಳ್ಳುವ ವರ್ಷಗಳಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದು ತನ್ನ ಕೆಲಸ ಮಾಡುವದು. ಹಲ್ಲು ಮೂಡಿದ ಮೇಲೆ ಕಂದುಕಲೆಯಾಗಿ ಕಾಣಿಸಿಕೊಳ್ಳುವದು. ಬಹಳ ಹೆಚ್ಚಾಗಿದ್ದು ಬಹಳ ವರ್ಷ ಕುಡಿದರೆ ಎಲುಬುಗಳೇ ಬಿಗಿದು ಬೆನ್ನು ಬಾಗುವದು. ಕಲೆಯನ್ನು ಕಂಡು ನೀರನ್ನು ಪರೀಕ್ಷಿಸುವ ತಾಯಿಯು ಆ ಮಗುವಿನ ಪಾಲಿಗೆ ತಡವಾಗಿ ಬಂದವಳು. ಹೊಸ ಊರಿಗೆ ಸೊಸೆಯಾಗಿಯೋ ಉದ್ಯೋಗಕ್ಕಾಗಿಯೋ ಹೋಗುವ ನಮ್ಮ ಹುಡುಗಿಯರು ಮಕ್ಕಳಾಗುವ ಮೊದಲೇ ಅಲ್ಲಿಯ ನೀರಿನ ಗುಣವನ್ನು ತಿಳಿದುಕೊಳ್ಳಬೇಕೆಂದು ನಾವು ಒತ್ತಿ ಹೇಳುವದು ಇದಕ್ಕಾಗಿಯೇ.

೨. ಮೊದಲು ಪ್ರಶ್ನೆ, ಆಮೇಲೆ ಸೀಸೆ

"ನೀರನ್ನು ಪರೀಕ್ಷಿಸಿರಿ" ಎಂದು ಸುಮ್ಮನೆ ಹೇಳಿದರೆ ಸಾಲದು. ಯಾವದನ್ನು ಹುಡುಕಬೇಕೆಂದು ಕೇಳಬೇಕು. ಯಾಕಂದರೆ ಕೇಳದೆ ಇದ್ದದ್ದಕ್ಕೆ ಪರೀಕ್ಷೆಯು ಉತ್ತರ ಕೊಡುವದಿಲ್ಲ. ಇದಕ್ಕೆ ಬಾಂಗ್ಲಾದೇಶಕ್ಕಿಂತ ದುಃಖಕರವಾದ ದೃಷ್ಟಾಂತವು ಬೇರೊಂದಿಲ್ಲ. ಅಲ್ಲಿ ಕೆರೆಕುಂಟೆಗಳ ನೀರಿನಿಂದ ಮಕ್ಕಳು ಭೇದಿಯಾಗಿ ಸಾಯುತ್ತಿದ್ದದ್ದನ್ನು ತಪ್ಪಿಸಬೇಕೆಂಬ ಸದುದ್ದೇಶದಿಂದ, ೧೯೭೦ರ ದಶಕದಿಂದ ಮೊದಲ್ಗೊಂಡು ಲಕ್ಷಗಟ್ಟಲೆ ಕೊಳವೆಬಾವಿಗಳನ್ನು ಇಳಿಸಿದರು. ನೀರು ತಿಳಿಯಾಗಿತ್ತು; ಭೇದಿಯ ಕ್ರಿಮಿಗಳೂ ಕಡಿಮೆ. ೧೯೯೨ರಲ್ಲಿ ಆ ದೇಶದ ಕೆಲವು ಭಾಗದ ಬಾವಿಗಳ ನೀರನ್ನು ಪರೀಕ್ಷಿಸಿದಾಗಲೂ ಆರ್ಸೆನಿಕ್ ಎಂಬ ಪಾಷಾಣವನ್ನು ಹುಡುಕಿರಲಿಲ್ಲ. ಮರುವರ್ಷ, ಅಂದರೆ ೧೯೯೩ರಲ್ಲಿ, ಅಲ್ಲಿಯ ಬಾವಿಗಳಲ್ಲಿ ಪಾಷಾಣವಿರುವದು ತಿಳಿದುಬಂತು. ನೆರೆಯ ಪಶ್ಚಿಮ ಬಂಗಾಳದಲ್ಲಿಯಾದರೋ ೧೯೮೩ರಲ್ಲಿಯೇ ಚರ್ಮವೈದ್ಯರು ಅದೇ ವಿಷದ ಗುರುತುಗಳನ್ನು ರೋಗಿಗಳ ಅಂಗೈಗಳಲ್ಲಿ ಕಂಡಿದ್ದರು. ಮುಂದೆ ಬಾಂಗ್ಲಾದೇಶದ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು ಬಣ್ಣವನ್ನೂ ಒಳ್ಳೆಯದಕ್ಕೆ ಹಸುರು ಬಣ್ಣವನ್ನೂ ಬಳಿಯಬೇಕಾಯಿತು. ಒಂದೇ ಅಂಗಳದ ಎರಡು ಬಾವಿಗಳಲ್ಲಿ ಒಂದು ಕೆಂಪೂ ಇನ್ನೊಂದು ಹಸುರೂ ಆದದ್ದುಂಟು.

ಆದಕಾರಣ ಸೀಸೆಯನ್ನು ಕೈಗೆತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು.

ಮೊದಲನೆಯದು, ಯಾವ ಕೆಡುಕಿನ ಅನುಮಾನವಿದೆ? ಗುಂಡಿ, ಕೊಟ್ಟಿಗೆ, ಚರಂಡಿ ಹತ್ತಿರವಿದ್ದರೆ ಮಲಕ್ರಿಮಿ ಮತ್ತು ನೈಟ್ರೇಟು. ಗೊಬ್ಬರ ಹೆಚ್ಚಾಗಿ ಹಾಕುವ ತೋಟಗದ್ದೆಗಳ ನಡುವೆ ನೈಟ್ರೇಟು. ಬಯಲುಸೀಮೆಯ ಆಳದ ಕೊಳವೆಬಾವಿಗೆ ಫ್ಲೋರೈಡು. ಸಮುದ್ರದ ಅಥವಾ ಹಿನ್ನೀರಿನ ದಡದಲ್ಲಿ ಉಪ್ಪು, ಅಂದರೆ ಕ್ಲೋರೈಡು. ಗಣಿಯೋ ಕಾರ್ಖಾನೆಯೋ ಇರುವ ಕಡೆ ಲೋಹಗಳು.

ಎರಡನೆಯದು, ಎಲ್ಲಿಯ ನೀರನ್ನು ತಿಳಿಯಬೇಕು? ಬಾವಿಯದ್ದೋ, ಮಾಳಿಗೆಯ ಮೇಲಿನ ಟಾಂಕಿಯದ್ದೋ, ಅಡಿಗೆಮನೆಯ ಕೊಡದ್ದೋ? ಕೊಡದ ನೀರನ್ನು ಕಳುಹಿಸಿ ಬಾವಿಯನ್ನು ದೂರುವದು ಅನ್ಯಾಯವು. ಬಾವಿಯ ನೀರನ್ನು ಕಳುಹಿಸಿ, ಮುಚ್ಚಳವಿಲ್ಲದ ಟಾಂಕಿಯ ನೀರನ್ನು ನಿಶ್ಚಿಂತೆಯಿಂದ ಕುಡಿಯುವದು ಅವಿವೇಕವು. ಸಂದೇಹವಿದ್ದರೆ ಮೂರು ಸ್ಥಳಗಳಿಂದಲೂ ಮೂರು ಸೀಸೆಗಳನ್ನು ಬೇರೆಬೇರೆಯಾಗಿ ತೆಗೆಯಬೇಕು. ಆಗ ಕೆಡುಕು ಎಲ್ಲಿ ಸೇರಿತೆಂಬದು ತಾನೇ ಗೊತ್ತಾಗುವದು.

ಮೂರನೆಯದು, ಯಾವ ಕಾಲದಲ್ಲಿ ತೆಗೆಯಬೇಕು? ತೆರೆದ ಬಾವಿಗೆ ಮಲಿನವು ಹೆಚ್ಚಾಗಿ ಸೇರುವದು ಮೊದಲ ಮಳೆಗಳು ನೆಲವನ್ನು ತೊಳೆದು ಒಳಗಿಳಿಯುವಾಗ; ಲವಣಗಳ ವಿಷಯವನ್ನು ತಿಳಿಯಬೇಕಾದರೆ ಮಳೆಗೆ ಮುಂಚೆ ಒಮ್ಮೆ, ಮಳೆಗಾಲವಾದ ಮೇಲೆ ಒಮ್ಮೆ ನೋಡುವದು ಕ್ರಮವು. ಬೇಸಿಗೆಯ ಒಂದು ಒಳ್ಳೆಯ ವರದಿಯನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವದರಿಂದ ಜೂನ್ ತಿಂಗಳಿನ ನೀರು ಶುದ್ಧವಾಗುವದಿಲ್ಲ.

೩. ಎರಡು ಸೀಸೆಗಳು, ಎರಡು ನಿಯಮಗಳು

ಕ್ರಿಮಿಪರೀಕ್ಷೆಗೆ ಒಂದು ಸೀಸೆ, ಲವಣಪರೀಕ್ಷೆಗೆ ಇನ್ನೊಂದು ಸೀಸೆ ಬೇಕು. ಇವೆರಡರ ನಿಯಮಗಳು ಒಂದಕ್ಕೊಂದು ವಿರುದ್ಧವಾಗಿರುವದರಿಂದ ಹುಡುಗಿಯರು ಇಲ್ಲಿಯೇ ಹೆಚ್ಚಾಗಿ ಎಡವುವರು.

ಕ್ರಿಮಿಪರೀಕ್ಷೆಯ ಸೀಸೆಯನ್ನು ಪರೀಕ್ಷಾಲಯದಿಂದಲೇ ತರತಕ್ಕದ್ದು. ಅದನ್ನು ಹಬೆಯ ಒತ್ತಡದಲ್ಲಿ ೧೨೧ ಡಿಗ್ರಿ ಉಷ್ಣದವರೆಗೆ ಕಾಯಿಸಿ ನಿಷ್ಕ್ರಿಮಿ ಮಾಡಿರುತ್ತಾರೆ. ಅದರ ಒಳಗೆ ಸೋಡಿಯಂ ಥಯೋಸಲ್ಫೇಟ್ ಎಂಬ ಲವಣವು ಸ್ವಲ್ಪ ಇರುವದು. ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಉಳಿದಿದ್ದರೆ ಅದು ದಾರಿಯುದ್ದಕ್ಕೂ ಕ್ರಿಮಿಗಳನ್ನು ಕೊಲ್ಲುತ್ತಾ ಹೋಗಿ, ಬಾವಿಯು ಇದ್ದದ್ದಕ್ಕಿಂತ ಶುದ್ಧವೆಂದು ತೋರುವದು. ಹಾಗೆ ಆಗದಂತೆ ಈ ಲವಣವು ಕ್ಲೋರಿನನ್ನು ಕೂಡಲೆ ಅಡಗಿಸುವದು. ಅಚ್ಚುಕಟ್ಟಾದ ಹುಡುಗಿಯು ಸೀಸೆಯನ್ನು ಕಂಡೊಡನೆ ತೊಳೆಯಲು ಹೋಗುವದು ಸಹಜವೇ ಸರಿ. ಆದರೆ ಈ ಸೀಸೆಯನ್ನು ತೊಳೆದರೆ ಆ ಲವಣವೂ ಹೋಯಿತು, ನಿಷ್ಕ್ರಿಮಿತ್ವವೂ ಹೋಯಿತು. ಇದನ್ನು ತೊಳೆಯಬಾರದು, ಒಳಗೆ ಊದಬಾರದು, ಬಾಯಿಗೂ ಬಿರಡೆಯ ಒಳಬದಿಗೂ ಬೆರಳು ತಾಕಿಸಬಾರದು. ಬಿರಡೆಯನ್ನು ನೆಲದ ಮೇಲೆ ಇಡದೆ, ಒಳಬದಿಯು ಕೆಳಮುಖವಾಗಿರುವಂತೆ ಕೈಯಲ್ಲಿಯೇ ಹಿಡಿದಿರಬೇಕು. ಕಂಠದ ತನಕ ತುಂಬದೆ ಮೇಲೆ ಸುಮಾರು ಒಂದು ಅಂಗುಲದಷ್ಟು ಬರಿದಾಗಿ ಬಿಡಬೇಕು. ಪರೀಕ್ಷಿಸುವವರು ಅದನ್ನು ಕುಲುಕಿ ಬೆರೆಸುವದಕ್ಕೆ ಆ ಸ್ಥಳವು ಬೇಕಾಗುವದು.

ಲವಣಪರೀಕ್ಷೆಗೆ ಒಂದು ಅಥವಾ ಎರಡು ಲೀಟರು ಹಿಡಿಯುವ ಶುದ್ಧವಾದ ಪ್ಲಾಸ್ಟಿಕ್ ಸೀಸೆಯು ಯೋಗ್ಯವು. ಫ್ಲೋರೈಡು ಗಾಜಿನೊಡನೆ ಸೇರುವ ಸ್ವಭಾವವುಳ್ಳದ್ದಾದುದರಿಂದ ಅದಕ್ಕೆ ಗಾಜನ್ನು ಉಪಯೋಗಿಸುವದಿಲ್ಲ. ಶರಬತ್ತು, ಉಪ್ಪಿನಕಾಯಿ, ಔಷಧ, ಸೀಮೆಎಣ್ಣೆ ಇಂಥವುಗಳನ್ನು ಹಾಕಿದ್ದ ಸೀಸೆಯು ಎಷ್ಟು ತೊಳೆದರೂ ಬೇಡ. ಈ ಸೀಸೆಯನ್ನಾದರೋ ತೆಗೆಯಬೇಕಾದ ಆ ನೀರಿನಿಂದಲೇ ಮೂರು ಸಾರಿ ತೊಳೆದು ಚೆಲ್ಲಿ, ಗಾಳಿಗೆ ಸ್ಥಳವಿಲ್ಲದಂತೆ ತುಂಬ ತುಂಬಿಸಿ, ಬಿಗಿಯಾಗಿ ಮುಚ್ಚಬೇಕು. ಎರಡೂ ಸೀಸೆಗಳನ್ನು ತುಂಬಬೇಕಾದಾಗ ಕ್ರಿಮಿಪರೀಕ್ಷೆಯದ್ದೇ ಮೊದಲು.

೪. ನೀರನ್ನು ತೆಗೆಯುವ ರೀತಿ

ಕೈಗಳನ್ನು ಸಾಬೂನಿನಿಂದ ತೊಳೆದು ಒರೆಸಿದ ಮೇಲೆ ಕೆಲಸಕ್ಕೆ ತೊಡಗಬೇಕು.

ತೆರೆದ ಬಾವಿ. ಮನೆಯ ಕೊಡ ಹಗ್ಗಗಳಿಂದ ಸೇದಿದ ನೀರನ್ನು ಸೀಸೆಗೆ ಹೊಯ್ದರೆ ಹಗ್ಗದ ಮಣ್ಣೂ ಕೊಡದ ಕೊಳೆಯೂ ಕೈಗಳ ಬೆವರೂ ಸಾಕ್ಷಿಗೆ ಬಂದು ನಿಲ್ಲುವವು. ನಿಷ್ಕ್ರಿಮಿ ಮಾಡಿದ ಸೀಸೆಯ ಕೆಳಗೆ ಭಾರವನ್ನು ಕಟ್ಟಿ, ಶುದ್ಧವಾದ ಹೊಸ ಹುರಿಯಿಂದ, ಗೋಡೆಗೆ ತಾಕದಂತೆ ಇಳಿಸಬೇಕು. ಮೇಲ್ಗಡೆಯಲ್ಲಿ ತೇಲುವ ಎಲೆಧೂಳುಗಳನ್ನು ಬಿಟ್ಟು, ನೀರಿನ ಮೇಲ್ಮೈಗಿಂತ ಸುಮಾರು ಒಂದು ಅಡಿ ಕೆಳಗೆ ಮುಳುಗಿಸಬೇಕು. ತಳದ ಕೆಸರನ್ನು ಮಾತ್ರ ಕಲಕಬಾರದು. ಮೇಲಕ್ಕೆ ತಂದು, ಹೆಚ್ಚಾದದ್ದನ್ನು ಚೆಲ್ಲಿ, ಮುಚ್ಚಬೇಕು. ಈ ಕೆಲಸವು ದೊಡ್ಡವರದ್ದು. ಮಕ್ಕಳನ್ನು ಕಟ್ಟೆಯ ಮೇಲೆ ಬಾಗಲು ಬಿಡಬಾರದು.

ಕೈಪಂಪು ಮತ್ತು ನಲ್ಲಿ. ನಲ್ಲಿಗೆ ಕಟ್ಟಿದ ಬಟ್ಟೆ, ಜಾಲರಿ, ರಬ್ಬರ್ ಕೊಳವೆ ಇವುಗಳನ್ನು ತೆಗೆದುಹಾಕಿ ಬಾಯನ್ನು ಒರೆಸಬೇಕು. ಕೈಪಂಪನ್ನು ಸುಮಾರು ಐದು ನಿಮಿಷ ಒತ್ತಿ, ನಲ್ಲಿಯನ್ನು ಎರಡು ಮೂರು ನಿಮಿಷ ತೆರೆದು, ಕೊಳವೆಯೊಳಗೆ ನಿಂತಿದ್ದ ನೀರು ಹೋಗುವಂತೆ ಮಾಡಬೇಕು. ಆಮೇಲೆ ಲೋಹದ ಬಾಯಾದರೆ ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯ ಉರಿಯನ್ನು ಅದಕ್ಕೆ ತೋರಿಸಬೇಕು. ಪ್ಲಾಸ್ಟಿಕ್ಕಾದರೆ ಸ್ಪಿರಿಟಿನಿಂದ ಒರೆಸಿದರೆ ಸಾಕು. ಮತ್ತೆ ಒಂದೆರಡು ನಿಮಿಷ ನೀರನ್ನು ಬಿಟ್ಟು, ಸಣ್ಣ ಧಾರೆಯಲ್ಲಿ ಚಿಮ್ಮದಂತೆ ತುಂಬಬೇಕು.

ಕೊಳವೆಬಾವಿ. ದಿನಾಲೂ ಮೋಟಾರು ನಡೆಯುವ ಬಾವಿಯಾದರೆ, ಕೊಳವೆಯಲ್ಲಿ ನಿಂತ ನೀರು ಹೋಗುವಂತೆ ಐದು ಹತ್ತು ನಿಮಿಷ ನಡೆಸಿ, ಟಾಂಕಿಗೆ ಹೋಗುವ ಮೊದಲೇ ಮಾದರಿಯನ್ನು ತೆಗೆಯಬಹುದು. ಬಹುದಿನ ಉಪಯೋಗಿಸದೆ ಬಿಟ್ಟ ಬಾವಿಯಾದರೆ ಲೆಕ್ಕ ಮಾಡಬೇಕು. ಯಾಕಂದರೆ ಅದರೊಳಗೆ ನಿಂತ ನೀರು ಗಾಳಿಯನ್ನೂ ಕಬ್ಬಿಣದ ಕೊಳವೆಯನ್ನೂ ಸೋಂಕಿ ತನ್ನ ಗುಣವನ್ನು ಬದಲಾಯಿಸಿಕೊಂಡಿರುವದು; ಅದು ಕಲ್ಲಿನ ಬಿರುಕುಗಳಲ್ಲಿ ಹರಿಯುವ ನೀರಿನ ಪ್ರತಿನಿಧಿಯಲ್ಲ. ನಿಂತ ನೀರಿನ ಮೂರರಷ್ಟನ್ನು ಹೊರಗೆ ಹಾಕಿದ ಮೇಲೆ ಮಾದರಿಯನ್ನು ತೆಗೆಯಬೇಕೆಂಬದು ವಾಡಿಕೆಯಲ್ಲಿರುವ ನಿಯಮವು.

ವೃತ್ತದ ಕ್ಷೇತ್ರಫಲದ ಲೆಕ್ಕವು ಯಾವ ಉಪಯೋಗಕ್ಕೆ ಎಂದು ಕೇಳುವ ಹುಡುಗಿಯರಿಗೆ ನಾವು ಇದನ್ನೇ ತೋರಿಸುತ್ತೇವೆ. ಬಾವಿಯ ಅಡ್ಡಗಲವು ೧೫ ಸೆಂಟಿಮೀಟರು ಆದರೆ ಅರ್ಧವು ೭.೫. ಅದರ ವರ್ಗವನ್ನು ೨೨/೭ರಿಂದ ಗುಣಿಸಿದರೆ ಸುಮಾರು ೧೭೭ ಚದರ ಸೆಂಟಿಮೀಟರು. ಆದ್ದರಿಂದ ಒಂದು ಮೀಟರು ಎತ್ತರದ ನೀರು ಸುಮಾರು ೧೭.೭ ಲೀಟರು. ಬಾವಿಯಲ್ಲಿ ೫೦ ಮೀಟರು ನೀರು ನಿಂತಿದ್ದರೆ ೮೮೫ ಲೀಟರು. ಅದರ ಮೂರರಷ್ಟು ೨,೬೫೫ ಲೀಟರು. ಮೋಟಾರು ನಿಮಿಷಕ್ಕೆ ೬೦ ಲೀಟರು ಎತ್ತುವದಾದರೆ ಮುಕ್ಕಾಲು ಗಂಟೆ ನಡೆಸಬೇಕಾಯಿತು. ಆ ನೀರನ್ನು ವ್ಯರ್ಥ ಮಾಡದೆ ಗಿಡಗಳಿಗೆ ಬಿಡಿರಿ. ಪರೀಕ್ಷಾಲಯದವರು ತಾವೇ ಬಂದರೆ ನೀರಿನ ಉಷ್ಣ, ವಿದ್ಯುತ್ತನ್ನು ಹರಿಸುವ ಶಕ್ತಿ, ಪಿ.ಎಚ್. ಎಂಬ ಅಂಕೆ ಇವುಗಳನ್ನು ಆಗಾಗ ಅಳೆದು, ಅವು ಬದಲಾಗದೆ ನಿಂತ ಮೇಲೆ ಮಾದರಿಯನ್ನು ತೆಗೆಯುವರು. ಕಾರಣವು ಒಂದೇ: ನೆಲದ ನೀರೇ ಬರುತ್ತಿದೆಯೆಂದು ನಿಶ್ಚಯ ಮಾಡಿಕೊಳ್ಳುವದು.

೫. ಸೀಸೆಯೊಳಗಿನ ನೀರು ಸುಮ್ಮನಿರುವದಿಲ್ಲ

ಬಿರಡೆ ಹಾಕಿದೊಡನೆ ಕೆಲಸವು ಮುಗಿಯಿತೆಂದು ತಿಳಿಯಬಾರದು. ಕೊಳವೆಬಾವಿಯ ಕೆಲವು ನೀರು ಬಂದಾಗ ತಿಳಿಯಾಗಿದ್ದು, ಬಕೀಟಿನಲ್ಲಿ ಇಟ್ಟ ಮೇಲೆ ಕೆಂಪಗಾಗುವದನ್ನು ಎಲ್ಲರೂ ಕಂಡಿರುವಿರಿ. ಗಾಳಿಯಿಲ್ಲದ ಆಳದಲ್ಲಿ ಕರಗಿದ್ದ ಕಬ್ಬಿಣವು ಗಾಳಿಯನ್ನು ಕಂಡೊಡನೆ ತುಕ್ಕಾಗಿ ತಳಕ್ಕೆ ಇಳಿಯುವದೇ ಇದಕ್ಕೆ ಕಾರಣ. ಇದೇ ಕೆಲಸವು ಸೀಸೆಯೊಳಗೂ ನಡೆಯುವದು. ಪಾಷಾಣದಂಥ ವಿಷಗಳಿದ್ದರೆ ಅವು ಆ ತುಕ್ಕಿಗೆ ಅಂಟಿಕೊಂಡು ಅದರೊಡನೆ ಇಳಿಯುವವು. ಮೇಲಿನ ತಿಳಿನೀರನ್ನು ಅಳೆದವರಿಗೆ ಅಂಕೆಯು ಕಡಿಮೆ ಕಾಣುವದು. ಹಾಗೆ ಆಗದಂತೆ ಲೋಹಗಳ ಪರೀಕ್ಷೆಯ ಸೀಸೆಗೆ ಶುದ್ಧವಾದ ನೈಟ್ರಿಕ್ ಆಮ್ಲವನ್ನು ಸ್ವಲ್ಪ ಹಾಕುತ್ತಾರೆ. ಆಮ್ಲವು ಸುಡುವ ವಸ್ತುವಾದ ಕಾರಣ ಇದು ಪರೀಕ್ಷಾಲಯದವರ ಕೆಲಸವೇ ಹೊರತು ಮನೆಯವರದ್ದಲ್ಲ. ನಾವು ಮಾಡತಕ್ಕದ್ದೇನಂದರೆ, ಲೋಹಪರೀಕ್ಷೆ ಬೇಕೆಂದು ಮೊದಲೇ ತಿಳಿಸಿ ತಕ್ಕ ಸೀಸೆಯನ್ನು ಕೇಳುವದು.

ನೀರಿನಲ್ಲಿ ಕರಗಿದ ಇಂಗಾಲದ ವಾಯುವು ಹೊರಗೆ ಹೋದಂತೆ ಪಿ.ಎಚ್. ಏರುವದು, ಆದುದರಿಂದ ಅದನ್ನು ಬಾವಿಯ ಬಳಿಯಲ್ಲಿಯೇ ನೋಡುವದು ಉತ್ತಮ. ನೈಟ್ರೇಟನ್ನು ಸೂಕ್ಷ್ಮಜೀವಿಗಳು ಮಾರ್ಪಡಿಸಬಲ್ಲವಾದುದರಿಂದ ಆ ಮಾದರಿಯನ್ನು ತಂಪಾಗಿ, ಬೆಳಕು ತಾಕದಂತೆ ಇಟ್ಟು, ೪೮ ಗಂಟೆಗಳೊಳಗೆ ಪರೀಕ್ಷಿಸಬೇಕು. ಫ್ಲೋರೈಡು ಇವುಗಳಂತೆ ಚಂಚಲವಲ್ಲ. ಪ್ಲಾಸ್ಟಿಕ್ ಸೀಸೆಯಲ್ಲಿ ಕೆಲವು ವಾರ ಇಟ್ಟರೂ ಕೆಡುವದಿಲ್ಲ.

ಎಲ್ಲಕ್ಕಿಂತ ಅವಸರವುಳ್ಳದ್ದು ಕ್ರಿಮಿಪರೀಕ್ಷೆ. ಬಿಸಿಲಿನಲ್ಲಿಟ್ಟ ಸೀಸೆಯೊಳಗೆ ಕೆಲವು ಕ್ರಿಮಿಗಳು ಸಾಯುವವು, ಕೆಲವು ಹೆಚ್ಚುವವು. ಎರಡರಿಂದಲೂ ಸತ್ಯವು ಕೆಡುವದು. ತೆಗೆದ ಆರು ಗಂಟೆಗಳೊಳಗೆ ಪರೀಕ್ಷಾಲಯಕ್ಕೆ ಮುಟ್ಟಿಸುವದು ಉತ್ತಮವು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೆ ಹೆಚ್ಚೆಂದರೆ ೨೪ ಗಂಟೆಗಳವರೆಗೆ ತಡೆಯಬಹುದು. ಸೀಸೆಯನ್ನು ಶುದ್ಧವಾದ ಚೀಲದಲ್ಲಿ ಕಟ್ಟಿ ನೆಟ್ಟಗೆ ನಿಲ್ಲಿಸಬೇಕು; ಕರಗಿದ ಮಂಜಿನ ನೀರು ಬಿರಡೆಯನ್ನು ಮುಟ್ಟಬಾರದು, ಮಾದರಿಯು ಹೆಪ್ಪುಗಟ್ಟಲೂ ಬಾರದು. ಪರೀಕ್ಷಾಲಯವು ಮುಚ್ಚಿರುವ ದಿನದ ಹಿಂದಿನ ಸಂಜೆ ನೀರನ್ನು ತೆಗೆಯುವದು ವ್ಯರ್ಥ ಶ್ರಮವು. ಮೊದಲೇ ವಿಚಾರಿಸಿ, ಬೆಳಗ್ಗೆ ತೆಗೆದು, ಆ ಹೊತ್ತೇ ಕೊಂಡುಹೋಗಬೇಕು.

೬. ಚೀಟಿ ಮತ್ತು ಪುಸ್ತಕ

ಒದ್ದೆಯಾದ ಸೀಸೆಗೆ ಚೀಟಿ ಅಂಟದು, ಶಾಯಿ ನಿಲ್ಲದು. ಆದಕಾರಣ ತುಂಬುವ ಮೊದಲೇ, ನೀರಿಗೆ ಅಳಿಯದ ಶಾಯಿಯಿಂದಾಗಲಿ ಪೆನ್ಸಿಲಿನಿಂದಾಗಲಿ ಬರೆದು ಅಂಟಿಸಬೇಕು. ಬಿರಡೆಗಳು ಅದಲುಬದಲಾಗುವದುಂಟಾದುದರಿಂದ ಚೀಟಿಯು ಸೀಸೆಯ ಮೈಮೇಲೆಯೇ ಇರಬೇಕು. ಸ್ಥಳ, ಬಾವಿಯ ತರ, ಆಳ, ತಾರೀಖು, ಗಂಟೆ, ತೆಗೆದವರ ಹೆಸರು, ಬೇಕಾದ ಪರೀಕ್ಷೆ ಇಷ್ಟನ್ನೂ ಬರೆಯಬೇಕು. ಬೇರೆ ಪುಸ್ತಕದಲ್ಲಿ ಕಣ್ಣಾರೆ ಕಂಡದ್ದನ್ನು ದಾಖಲು ಮಾಡಬೇಕು: ಕಟ್ಟೆಯು ಬಿರಿದಿದೆಯೋ, ಸುತ್ತಲೂ ನೀರು ನಿಲ್ಲುವದೋ, ಗುಂಡಿಯು ಎಷ್ಟು ದೂರ, ಹಿಂದಿನ ದಿನ ಮಳೆಯಾಗಿತ್ತೋ, ಬ್ಲೀಚಿಂಗ್ ಪೌಡರ್ ಹಾಕಿ ಎಷ್ಟು ದಿನವಾಯಿತು, ಎಷ್ಟು ಹೊತ್ತು ನೀರನ್ನು ಹೊರಗೆ ಬಿಟ್ಟೆವು. ವರದಿಯ ಅಂಕೆಗೆ ಅರ್ಥವನ್ನು ಕೊಡುವದು ಈ ಪುಸ್ತಕವೇ.

ಅನೇಕ ಬಾವಿಗಳ ನೀರನ್ನು ಕೂಡಿಸುವಾಗ ಇನ್ನೆರಡು ಉಪಾಯಗಳುಂಟು. ಒಂದೇ ಬಾವಿಯಿಂದ ಎರಡು ಸೀಸೆಗಳನ್ನು ತುಂಬಿ ಬೇರೆಬೇರೆ ಅಂಕೆ ಹಾಕಿ ಕಳುಹಿಸಿದರೆ, ಉತ್ತರಗಳು ಹೊಂದುವವೋ ಇಲ್ಲವೋ ತಿಳಿಯುವದು. ಶುದ್ಧವೆಂದು ನಿಶ್ಚಯವಾದ ಬಟ್ಟಿಯಿಳಿಸಿದ ನೀರನ್ನು ಅದೇ ರೀತಿಯಾಗಿ ಬಾವಿಯ ಬಳಿಯಲ್ಲಿ ತುಂಬಿ ಕಳುಹಿಸಿದರೆ, ನಮ್ಮ ಸೀಸೆಗಳಿಂದಲೋ ಕೈಗಳಿಂದಲೋ ಮಲಿನವು ಸೇರಿದ್ದರೆ ಅದು ಬಯಲಾಗುವದು. ಇನ್ನೊಬ್ಬರ ಬಾವಿಯನ್ನು ಪರೀಕ್ಷಿಸುವಾಗ ನಮ್ಮ ಕೈಯನ್ನೂ ಪರೀಕ್ಷಿಸಿಕೊಳ್ಳುವದು ನ್ಯಾಯವಲ್ಲವೇ?

೭. ವರದಿಯನ್ನು ಓದುವದು

ಭಾರತೀಯ ಮಾನಕ ಸಂಸ್ಥೆಯು ೨೦೧೨ರಲ್ಲಿ ಪರಿಷ್ಕರಿಸಿದ ಐ.ಎಸ್. ೧೦೫೦೦ ಎಂಬ ಮಾನಕವು ಕುಡಿಯುವ ನೀರಿನ ಮಿತಿಗಳನ್ನು ಗೊತ್ತುಮಾಡಿರುವದು. ಮುಖ್ಯವಾದವುಗಳನ್ನು ನೆನಪಿನಲ್ಲಿಡಿರಿ. ಮಲಸೂಚಕವಾದ ಇ. ಕೋಲೈ ಎಂಬ ಕ್ರಿಮಿಯು ೧೦೦ ಮಿಲಿಲೀಟರು ನೀರಿನಲ್ಲಿ ಒಂದೂ ಇರಬಾರದು. ಲೀಟರಿಗೆ ಫ್ಲೋರೈಡು ೧ ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ ೧.೫ರವರೆಗೆ, ನೈಟ್ರೇಟು ೪೫ ಮಿಲಿಗ್ರಾಂ, ಅದಕ್ಕಿಂತ ಹೆಚ್ಚಿಗೆ ಎಡೆಯಿಲ್ಲ, ಕ್ಲೋರೈಡು ೨೫೦, ಬೇರೆ ದಾರಿಯಿಲ್ಲದಿದ್ದರೆ ೧,೦೦೦ ಮಿಲಿಗ್ರಾಂ, ಪಿ.ಎಚ್. ೬.೫ರಿಂದ ೮.೫. ಮುರಕಲ್ಲಿನ ಬಾವಿಗಳಲ್ಲಿ ಪಿ.ಎಚ್. ಸ್ವಾಭಾವಿಕವಾಗಿಯೇ ಕಡಿಮೆಯಿರುವದುಂಟು, ಅದೊಂದನ್ನೇ ಕಂಡು ಭಯಪಡಬೇಕಾಗಿಲ್ಲ.

ಕ್ರಿಮಿಗಳಿವೆಯೆಂದು ವರದಿ ಬಂದರೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿರಿ. ಆದರೆ ಗುಂಡಿಯನ್ನೂ ಕಟ್ಟೆಯನ್ನೂ ಸರಿಪಡಿಸದೆ ಪೌಡರ್ ಮಾತ್ರ ಹಾಕುವದು ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಫ್ಲೋರೈಡು ಅಥವಾ ನೈಟ್ರೇಟು ಹೆಚ್ಚಾಗಿದ್ದರೆ ಕುದಿಸುವದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗಿ ಲವಣವು ಉಳಿಯುವದರಿಂದ ಅದು ಮತ್ತಷ್ಟು ಗಟ್ಟಿಯಾಗುವದು. ಅಂಥ ನೀರನ್ನು ಸ್ನಾನಕ್ಕೂ ಪಾತ್ರೆಗೂ ಇಟ್ಟುಕೊಂಡು, ಕುಡಿಯುವದಕ್ಕೂ ಅಡಿಗೆಗೂ ಶುದ್ಧವಾಗಿ ಹಿಡಿದ ಮಳೆನೀರನ್ನೋ ಪರೀಕ್ಷಿಸಿದ ಬೇರೆ ನೀರನ್ನೋ ಉಪಯೋಗಿಸಬೇಕು. ಆರು ತಿಂಗಳೊಳಗಿನ ಹಸುಗೂಸಿಗೆ ಸೀಸೆಯ ಹಾಲನ್ನು ಕಲಸುವ ತಾಯಂದಿರು ನೈಟ್ರೇಟಿನ ವಿಷಯದಲ್ಲಿ ಬಹಳ ಜಾಗ್ರತೆಯಾಗಿರಬೇಕು. ಅದು ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕುಂದಿಸಿ ಮಗುವಿನ ಮೈಯನ್ನು ನೀಲಿಗಟ್ಟಿಸುವದು.

ಮನೆಯಲ್ಲಿಯೇ ನೋಡಬಹುದಾದ ಒಂದು ಸುಲಭ ಪರೀಕ್ಷೆಯನ್ನು ೧೯೮೨ರಲ್ಲಿ ನಮ್ಮ ದೇಶದವರೇ ಪ್ರಕಟಿಸಿದರು. ಔಷಧ ಹಾಕಿದ ಪುಟ್ಟ ಸೀಸೆಗೆ ನೀರನ್ನು ತುಂಬಿ ಬೆಚ್ಚಗಿನ ಸ್ಥಳದಲ್ಲಿ ಒಂದೆರಡು ದಿನ ಇಟ್ಟರೆ, ಮಲಿನವಾದ ನೀರು ಕಪ್ಪಾಗುವದು. ಇದು ಎಚ್ಚರಿಕೆಯ ಗಂಟೆಯೇ ಹೊರತು ಕಡೆಯ ತೀರ್ಪಲ್ಲ. ೨೦೧೯ರಲ್ಲಿ ಪ್ರಾರಂಭವಾದ ಜಲಜೀವನ್ ಮಿಷನ್ ಯೋಜನೆಯು ಹಳ್ಳಿಗೆ ಐದು ಮಂದಿ ಸ್ತ್ರೀಯರಿಗೆ ನೀರಿನ ಪರೀಕ್ಷೆಯನ್ನು ಕಲಿಸಬೇಕೆಂದು ಗೊತ್ತುಮಾಡಿತು. ಅಂಥ ಐವರಲ್ಲಿ ಒಬ್ಬಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯಾದರೆ ನಮಗೆ ಅದಕ್ಕಿಂತ ಸಂತೋಷವಿಲ್ಲ.

೮. ಸಾಕ್ಷಿಯ ಧರ್ಮ

ಕಡೆಯದಾಗಿ ಒಂದು ಮಾತು. ಸೀಸೆಯನ್ನು ತುಂಬುವವಳಿಗೆ ಶೋಧನೆಗಳೂ ಬರುವವು. ಮನೆ ಮಾರಬೇಕೆಂದಿರುವವರು, "ಬಾವಿಗೆ ಇಂದು ಪೌಡರ್ ಹಾಕಿ ನಾಳೆ ತೆಗೆಯಿರಿ" ಎನ್ನುವರು. ನೆರೆಯವರೊಡನೆ ಜಗಳವಿರುವವರು, "ಚರಂಡಿಯ ಬದಿಯಿಂದ ತೆಗೆಯಿರಿ" ಎನ್ನುವರು. ದೂರದ ಕೈಪಂಪಿಗೆ ಹೋಗಲು ಬೇಸರಪಟ್ಟವಳು ಹತ್ತಿರದ ನಲ್ಲಿಯ ನೀರನ್ನೇ ಎರಡು ಸೀಸೆಗಳಿಗೂ ತುಂಬಿ ಎರಡು ಚೀಟಿಗಳನ್ನು ಅಂಟಿಸಬಹುದು. ಅವಳನ್ನು ನೋಡುವವರು ಯಾರೂ ಇಲ್ಲ, ಪರೀಕ್ಷಾಲಯಕ್ಕೂ ಗೊತ್ತಾಗುವದಿಲ್ಲ. ಆದರೆ ಆ ಕೈಪಂಪಿನ ನೀರನ್ನು ಕುಡಿಯುವ ಮಕ್ಕಳು ಆ ಚೀಟಿಯನ್ನು ನಂಬಿ ಕುಡಿಯುವರು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವಷ್ಟೆ. ಅದು ನ್ಯಾಯಸ್ಥಾನದಲ್ಲಿ ನುಡಿಯುವ ಮಾತಿಗೆ ಮಾತ್ರವಲ್ಲ, ಸೀಸೆಯ ಮೇಲಿನ ಚೀಟಿಗೂ ಸಲ್ಲುವದೆಂದು ಕಲಿಸಿದರೆ ವಿಜ್ಞಾನದ ಪಾಠವೂ ಸತ್ಯವೇದದ ಪಾಠವೂ ಒಂದೇ ಗಂಟೆಯಲ್ಲಿ ಆದಂತೆ.

ಯೋಹಾನನ ಸುವಾರ್ತೆಯಲ್ಲಿ ಯಾಕೋಬನ ಬಾವಿಗೆ ನೀರಿಗಾಗಿ ಬಂದ ಸಮಾರ್ಯದ ಸ್ತ್ರೀಯು, ತಾನು ತಿಳಿದದ್ದನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ, ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋಗಿ ಜನರಿಗೆ ತಿಳಿಸಿದಳು. ನೀವೂ ನಿಮ್ಮ ಬಾವಿಯ ವರದಿಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಡದೆ, ಒಳ್ಳೆಯದಿದ್ದರೂ ಕೆಟ್ಟದ್ದಿದ್ದರೂ, ಅದೇ ನೆಲದ ನೀರನ್ನು ಕುಡಿಯುವ ನೆರೆಮನೆಯವರಿಗೆ ತಿಳಿಸಿರಿ. ಮುಂದಿನ ಮಳೆಗಾಲಕ್ಕೆ ಮೊದಲೇ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಹತ್ತಿರದ ಪರೀಕ್ಷಾಲಯದಿಂದ ಎರಡು ಸೀಸೆಗಳನ್ನು ತರಿಸಿರಿ. ಈ ಪಾಠವನ್ನು ಓದಿದವರಲ್ಲಿ ಹತ್ತು ಮಂದಿಯಾದರೂ ಹಾಗೆ ಮಾಡಿದರೆ ಇದನ್ನು ಬರೆದ ನಮ್ಮ ಶ್ರಮವು ಸಾರ್ಥಕವಾಯಿತೆಂದು ಭಾವಿಸುವೆವು.